ಕ್ವಾರ್ಟರ್ಸ್ ಕೀಲಿ ಕೇಳುವ ಮುಂಚೆ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರೇ,

ಯೋಧ ತೀರಿಕೊಂಡ ದಿನ ಊರೇ ಸೇರುತ್ತದೆ. ನನ್ನ ತಕರಾರು ಅದಾದ ಮೇಲಿನ ತಿಂಗಳುಗಳದ್ದು. ಕ್ವಾರ್ಟರ್ಸ್ ಅಲಾಟ್ ಆಗಿದ್ದು ಅವರ ಹೆಸರಿಗೆ. ಅವರಿಲ್ಲ ಅಂದ ಮೇಲೆ ಮನೆ ಖಾಲಿ ಮಾಡಲೂ ಗಡುವು ಶುರುವಾಗುತ್ತದೆ.

2019ರಲ್ಲಿ ನಿಮ್ಮ ಸಚಿವಾಲಯ ಈ ಗಡುವನ್ನು 3 ತಿಂಗಳಿಂದ 1 ವರ್ಷಕ್ಕೆ ಏರಿಸಿತು. ಒಳ್ಳೆಯ ಕೆಲಸ. ಆದರೆ ಆ ಆದೇಶ ಬಂದದ್ದು ‘ಬ್ಯಾಟಲ್ ಕ್ಯಾಶುಯಲ್ಟಿ’, ಅಂದರೆ ಕಾರ್ಯಾಚರಣೆಯಲ್ಲಿ ಬಲಿಯಾದವರ ಕುಟುಂಬಗಳಿಗೆ. ಹಾರ್ಟ್ ಅಟ್ಯಾಕ್‌ನಿಂದಲೋ, ರಜೆಗೆ ಬರುವಾಗ ಅಪಘಾತದಲ್ಲೋ ಹೋದವರ ಹೆಂಡತಿಯೂ ಪಕ್ಕದ ಬ್ಲಾಕ್‌ನಲ್ಲೇ ಇರುತ್ತಾಳೆ. ಗಂಡ ಹೇಗೆ ಸತ್ತ ಅನ್ನುವುದರ ಮೇಲೆ ಪದಕ ನಿರ್ಧಾರವಾಗಲಿ, ಪೆನ್ಶನ್ ನಿರ್ಧಾರವಾಗಲಿ. ಮಗಳ ಪರೀಕ್ಷೆ ಮುಗಿಯುವ ತನಕ ಸೂರು ಇರಬೇಕಾ ಬೇಡ್ವಾ ಅನ್ನುವುದಕ್ಕೂ ಅದೇ ಅಳತೆಯಾ?

ಖಾಲಿ ಮಾಡುವುದು ಸುಮ್ನೆ ಅಲ್ಲ. ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಎಂಇಎಸ್‌ನವರು ಬಂದು ಫ್ಯಾನು, ಟ್ಯೂಬ್‌ಲೈಟು, ನಲ್ಲಿ ಎಲ್ಲದರ ಲೆಕ್ಕ ತೆಗೆದುಕೊಳ್ಳುತ್ತಾರೆ. ಗಂಡನ ಹೆಸರು, ನಂಬರ್ ಬರೆದ ಕಪ್ಪು ಟ್ರಂಕುಗಳನ್ನು ಅವಳೇ ಕಟ್ಟಬೇಕು. ಆಮೇಲೆ ಬಾಡಿಗೆ ಮನೆ ಹುಡುಕಾಟ. ‘ಯಜಮಾನರು ಏನ್ ಮಾಡ್ತಾರೆ?’ ಅಂತ ಓನರ್ ಕೇಳೇ ಕೇಳುತ್ತಾರೆ.

ಮದುವೆ ಮುರಿದವರದ್ದು ಇನ್ನೂ ಕಷ್ಟ, ಅಲ್ಲಿ ಮರುಕವೂ ಸಿಗುವುದಿಲ್ಲ. ಜೀವನಾಂಶವನ್ನು ಗಂಡನ ಸಂಬಳದಿಂದಲೇ ಹಿಡಿದುಕೊಡಲು 1950ರ ಆರ್ಮಿ ಆ್ಯಕ್ಟ್‌ನಲ್ಲಿ ದಾರಿಯಿದೆ. ಮನೆ? ಆತ ಕ್ವಾರ್ಟರ್ಸ್ ಬಿಟ್ಟುಕೊಟ್ಟರೆ ಅವಳೂ ಹೊರಡಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಬೇರೆ ಮನೆ ಅಥವಾ ಬಾಡಿಗೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ, ನಿಜ. ಆದರೆ ಅದಕ್ಕೆ ಮೊದಲು ವಕೀಲರನ್ನು ಹಿಡಿಯಬೇಕು, ವಾಯಿದೆಗಳಿಗೆ ಅಲೆಯಬೇಕು. ಅಷ್ಟರವರೆಗೆ ಮಕ್ಕಳನ್ನು ಕರಕೊಂಡು ಎಲ್ಲಿರಬೇಕು? ಬ್ರಿಟನ್ನಿನ ಸೇನಾ ವಸತಿಯಲ್ಲಿ ಸಂಬಂಧ ಮುರಿದರೆ 93 ದಿನದ ನೋಟಿಸ್ ಕೊಡುತ್ತಾರೆ, ಯೋಧ ಸತ್ತರೆ 2 ವರ್ಷದ ತನಕ ಇರಲು ಬಿಡುತ್ತಾರೆ. 93 ದಿನ ಏನೂ ಜಾಸ್ತಿ ಅಲ್ಲ. ಆದರೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಲು ಒಂದು ತಾರೀಕಾದರೂ ಸಿಗುತ್ತದೆ.

ಮನೆಗಳ ಕೊರತೆಯಿದೆ, ಸರದಿಯಲ್ಲಿ ಇನ್ನೊಬ್ಬ ಯೋಧನ ಸಂಸಾರ ಕಾಯುತ್ತಿದೆ ಎನ್ನುತ್ತೀರಿ. ಒಪ್ಪಿದೆ. ಆದರೆ ಗಂಡ ಸಂಸಾರ ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್‌ಗೆ ಹೋದಾಗ ಹೆಂಡತಿ ಮಕ್ಕಳಿಗೆಂದೇ ಎಸ್‌ಎಫ್ (ಸೆಪರೇಟೆಡ್ ಫ್ಯಾಮಿಲಿ) ಕ್ವಾರ್ಟರ್ಸ್ ಇಟ್ಟಿದ್ದೀರಲ್ವಾ? ಯೋಧ ಜೊತೆಗಿಲ್ಲದ ಸಂಸಾರಕ್ಕೆ ಮನೆ ಕೊಡುವುದು ಸೇನೆಗೆ ಹೊಸದೇನಲ್ಲ. ಅಲ್ಲೇ ಇವರಿಗೂ ಒಂದಷ್ಟು ಮನೆ ಮೀಸಲಿಡಿ. ಮನೆ ಇಲ್ಲದ ಸ್ಟೇಷನ್‌ನಲ್ಲಿ ಬಾಡಿಗೆ ಕೊಡಿ. ಸಾವು ಹೇಗೇ ಬಂದಿರಲಿ, 1 ವರ್ಷ ಎಲ್ಲರಿಗೂ ಸಿಗಲಿ. ಬೇರೆಯಾದ ಹೆಂಡತಿಗೆ ಕನಿಷ್ಠ ಆ ಶಾಲಾ ವರ್ಷ ಮುಗಿಯುವವರೆಗೆ ಸಮಯ ಕೊಡಿ. ಗಂಡ ಕ್ವಾರ್ಟರ್ಸ್ ಬಿಡಲು ಅರ್ಜಿ ಹಾಕಿದ ದಿನವೇ ಅವಳಿಗೂ ಲಿಖಿತ ನೋಟಿಸ್ ಹೋಗಲಿ.

ಇತಿ,
ಫೌಜಿ ಮನೆಯ ಒಬ್ಬ ಸೊಸೆ