ದೊಡ್ಡಪ್ಪನ ಯುದ್ಧಕಾಲದ ಪತ್ರಗಳು ಪುಸ್ತಕವಾದವು, ಎಲ್ಲರಿಗೂ ಥ್ಯಾಂಕ್ಸ್

ಪುಸ್ತಕ ಕೊನೆಗೂ ಕೈಗೆ ಬಂತು. ನಮ್ಮ ದೊಡ್ಡಪ್ಪ 1971ರ ಯುದ್ಧದ ಹೊತ್ತಿನಲ್ಲಿ ಮನೆಗೆ ಬರೆದ ಪತ್ರಗಳೆಲ್ಲ ಅದರಲ್ಲಿವೆ. ಅವರ 75ನೇ ಹುಟ್ಟುಹಬ್ಬಕ್ಕೆ ಸರಿಯಾಗಿ ಮುಗಿಯಿತು. ಮನೆಮಂದಿಗೆ ಅಂತ ಮಾಡಿಸಿದ ಸಣ್ಣ ಪುಸ್ತಕ, ಮಾರಾಟಕ್ಕಲ್ಲ. ಆದರೂ ಇದಕ್ಕೆ ಕೈಜೋಡಿಸಿದವರು ಎಷ್ಟೊಂದು ಜನ! ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದರೆ ಸಾಲದು ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ಅಜ್ಜಿಗೆ. ಅವರು ಈಗಿಲ್ಲ. ತಿಪಟೂರಿನ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಕಾಗದ ಉಳಿಯುವುದೇ ಕಷ್ಟ. ಗೆದ್ದಲು, ಇಲಿ, ಮಳೆಗಾಲದಲ್ಲಿ ಸೋರುವ ಹೆಂಚು. ಅಂಥದ್ದರಲ್ಲಿ ಅಷ್ಟೂ ಇನ್‌ಲ್ಯಾಂಡ್ ಲೆಟರ್‌ಗಳನ್ನು ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಕೆಳಗೆ, ಬೇವಿನೆಲೆ ಹಾಕಿ ಇಟ್ಟಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ತಾತ ಊರಲ್ಲಿಲ್ಲದ ದಿನ ಪೋಸ್ಟ್‌ಮ್ಯಾನೇ ಜಗಲಿ ಮೇಲೆ ಕೂತು ಓದಿ ಹೇಳುತ್ತಿದ್ದರಂತೆ. ಆ ಪುಣ್ಯಾತ್ಮರೂ ಈಗಿಲ್ಲ. ಅವರ ಮನೆಯವರಿಗೆ ಪುಸ್ತಕ ತಲುಪಿಸಿದ್ದೇವೆ.

ದೊಡ್ಡಪ್ಪ ಆಗ 22ರ ಹುಡುಗ, ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಯ ಎಂಜಿನಿಯರ್ ಪಡೆಯಲ್ಲಿ, ಸೆಕೆಂಡ್ ಲೆಫ್ಟಿನೆಂಟ್. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದೆಯಲ್ಲ, ಅದೇ. ಪತ್ರಗಳಲ್ಲಿ ಯುದ್ಧವನ್ನು ಹುಡುಕಿದರೆ ಸಿಗುವುದು ಕೊಬ್ಬರಿ ರೇಟು! "ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು" ಅಂತ ಶುರುವಾಗುತ್ತದೆ. ಆಮೇಲೆ ಬರೀ ಪ್ರಶ್ನೆಗಳು. ಮನಿಯಾರ್ಡರ್ ಬಂತೇ? ಗೌರಿ ಕರು ಹಾಕಿತೇ? ತಮ್ಮನ ಪರೀಕ್ಷೆ ಫೀಸು ಕಟ್ಟಿದಿರಾ? (ಆ ತಮ್ಮ ನಮ್ಮಪ್ಪ. ಕಟ್ಟಿದ್ದರಂತೆ, ಆದರೂ ಫೇಲಾದರಂತೆ.) ತಮ್ಮ ಬಗ್ಗೆ ಬರೆದದ್ದು ಇಷ್ಟೇ: ಇಲ್ಲಿ ಚಳಿ ಜಾಸ್ತಿ, ಸುತ್ತ ಕಬ್ಬಿನ ಗದ್ದೆ, ಜವಾನರ ಜೊತೆ ಮಾತಾಡಿ ತಮಿಳು ಕಲಿಯುತ್ತಿದ್ದೇನೆ. ಎಲ್ಲಿದ್ದೇನೆ ಅಂತ ಒಂದು ಕಡೆಯೂ ಇಲ್ಲ. ವಿಳಾಸದಲ್ಲಿ 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್) ಅಂತ ಮಾತ್ರ.

ಸೇನೆಯ ಅಂಚೆ ವಿಭಾಗದಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಈ ನಂಬರಿನ ಕಥೆ ಬಿಡಿಸಿ ಹೇಳಿದರು. 56 ಎಪಿಒ ಒಂದು ಊರಲ್ಲ. ಪತ್ರ ಮೊದಲು ದೆಹಲಿಯ ಸೇನಾ ಅಂಚೆ ಕೇಂದ್ರಕ್ಕೆ ಹೋಗುತ್ತದೆ. ಯಾವ ಯೂನಿಟ್ ಆ ಹೊತ್ತಿಗೆ ಎಲ್ಲಿದೆ ಅನ್ನುವುದು ಅಲ್ಲಿನವರಿಗೆ ಗೊತ್ತಿರುತ್ತದೆ, ಅವರು ಮುಂದಕ್ಕೆ ಕಳಿಸುತ್ತಾರೆ. ಪೂರ್ವದ ಕಡೆಯವರಿಗೆ 99 ಎಪಿಒ, ಅದು ಕೋಲ್ಕತ್ತದಿಂದ. ಸರ್, ನೀವು ಹೇಳದಿದ್ದರೆ ಈ ಪತ್ರಗಳು ಬಂದದ್ದು ಪಶ್ಚಿಮದ ಕಡೆಯಿಂದ ಅನ್ನುವುದೇ ನಮಗೆ ಹೊಳೆಯುತ್ತಿರಲಿಲ್ಲ.

ಜಾಸ್ತಿ ಋಣ ಇರುವುದು ದೊಡ್ಡಪ್ಪನ ಜೊತೆಗಿದ್ದ ನಿವೃತ್ತ ಸುಬೇದಾರರಿಗೆ. ಡಿಸೆಂಬರ್ 14ರ ಒಂದು ಪತ್ರ ಇದೆ. ಮುಂದಿನದು 18ರದ್ದು. ಅದರಲ್ಲಿ ಹೀಗಿದೆ: "ನಾಲ್ಕು ದಿನದಿಂದ ಕೆಲಸ ಜಾಸ್ತಿ ಇತ್ತು, ಬರೆಯಲು ಆಗಲಿಲ್ಲ. ಅಮ್ಮನ ಚಟ್ನಿಪುಡಿ ಸಿಕ್ಕಿತು. ಡಬ್ಬದ ಮುಚ್ಚಳ ಸಡಿಲ ಇತ್ತು, ಮುಂದಿನ ಸಲ ಬಿಗಿಯಾಗಿ ಹಾಕಲು ಹೇಳಿ." ಆ ಕೆಲಸ ಏನು ಅಂತ ಹೇಳಿದವರು ಸುಬೇದಾರರು. ಪಶ್ಚಿಮ ಗಡಿಯ ಶಕರ್‌ಗಢ ಸೆಕ್ಟರ್‌ನ ಬಸಂತರ್ ನದಿ. ಆಚೆ ಈಚೆ ಪಾಕಿಸ್ತಾನದವರು ಹೂತಿಟ್ಟ ಮೈನ್‌ಗಳು, ಅಂದರೆ ನೆಲಬಾಂಬ್‌ಗಳು. ನಮ್ಮ ಟ್ಯಾಂಕ್‌ಗಳು ದಾಟಬೇಕು ಅಂದರೆ ಮೊದಲು ಸ್ಯಾಪರ್‌ಗಳು ದಾರಿ ಮಾಡಿಕೊಡಬೇಕು. ರಾತ್ರಿ, ಮಂಜು, ಮೇಲೆ ಶೆಲ್ ಬೀಳುತ್ತಿರುವಾಗ ಮೈನ್ ತೆಗೆದು ಓಣಿ ಮಾಡುವ ಕೆಲಸ. ಅದು ಪೂರ್ತಿ ಆಗುವ ಮೊದಲೇ 17 ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕ್‌ಗಳು ನುಗ್ಗಬೇಕಾಯಿತು. 16ರಂದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ತೀರಿಹೋದದ್ದು ಇದೇ ಕಾಳಗದಲ್ಲಿ. ಅವರಿಗೆ 21 ವರ್ಷ. ಮರಣೋತ್ತರ ಪರಮವೀರ ಚಕ್ರ ಬಂತು. ಮದ್ರಾಸ್ ಸ್ಯಾಪರ್ಸ್‌ನ 9 ಎಂಜಿನಿಯರ್ ರೆಜಿಮೆಂಟ್‌ನ ಮೇಜರ್ ವಿಜಯ್ ರತನ್ ಚೌಧರಿ ಅವರೂ ಅಲ್ಲೇ ತೀರಿಹೋದರು, ಅವರಿಗೆ ಮಹಾವೀರ ಚಕ್ರ. ದೊಡ್ಡಪ್ಪ ಇಷ್ಟಕ್ಕೆಲ್ಲ "ಕೆಲಸ ಜಾಸ್ತಿ ಇತ್ತು" ಅಂತ ಬರೆದಿದ್ದಾರೆ ನೋಡಿ.

ಅದೇ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ರೇಡಿಯೋದಲ್ಲಿ ಸುದ್ದಿ ಕೇಳಿ ನಮ್ಮೂರಲ್ಲಿ ಪಟಾಕಿ ಹೊಡೆದರಂತೆ. ಪಶ್ಚಿಮದಲ್ಲಿ ಗುಂಡು ನಿಂತದ್ದು 17ರ ರಾತ್ರಿ. 18ರ ಪತ್ರ ಮನೆಗೆ ಬರುವ ಹೊತ್ತಿಗೆ ತಿಂಗಳು ಮುಗಿಯುತ್ತಾ ಬಂದಿತ್ತು. ಪೋಸ್ಟ್‌ಮ್ಯಾನ್ ಅವತ್ತು ಬೇರೆ ಯಾರ ಮನೆಗೂ ಹೋಗದೆ ಸೈಕಲ್ ತುಳಿದುಕೊಂಡು ಸೀದಾ ನಮ್ಮ ಮನೆಗೇ ಬಂದರು ಅಂತ ಅಪ್ಪ ಈಗಲೂ ಹೇಳುತ್ತಾರೆ.

ಮಾಸಿದ ಶಾಯಿಯನ್ನು ಭೂತಗನ್ನಡಿ ಹಿಡಿದು ಓದಿ ಟೈಪ್ ಮಾಡಿದ ನಮ್ಮ ಬೀದಿಯ ಹುಡುಗಿಗೆ ದೊಡ್ಡ ಥ್ಯಾಂಕ್ಸ್. ಕರಡು ತಿದ್ದಿದ ಮೇಷ್ಟ್ರು ದೊಡ್ಡಪ್ಪನ ಕಾಗುಣಿತದ ತಪ್ಪುಗಳನ್ನು ಹಾಗೇ ಬಿಟ್ಟರು. ಅವರಿಗೆ ಎಷ್ಟು ಸಂಕಟ ಆಗಿರಬಹುದೋ! ಪ್ರೆಸ್ಸಿನವರು ಕಾಗದದ ದುಡ್ಡು ಮಾತ್ರ ತೆಗೆದುಕೊಂಡರು. ದೊಡ್ಡಮ್ಮ ಹಳೇ ಫೋಟೋಗಳನ್ನು ಕೊಟ್ಟರು, ತಮ್ಮ ಮದುವೆಯದ್ದೊಂದು ಬಿಟ್ಟು.

ಪತ್ರಗಳು ಸಪ್ಪೆ, ನಡುವೆ ಯುದ್ಧದ ವರ್ಣನೆ ಸ್ವಲ್ಪ ಸೇರಿಸಿ ಅಂತ ಕೆಲವರು ಪ್ರೀತಿಯಿಂದಲೇ ಹೇಳಿದರು. ಸೇರಿಸಲಿಲ್ಲ. ಬಸಂತರ್ ವಿಷಯವನ್ನು ಕೊನೆಯಲ್ಲಿ ಬೇರೆಯಾಗಿ ಕೊಟ್ಟಿದ್ದೇವೆ. ಅಮ್ಮ ಗಾಬರಿಯಾಗಬಾರದು ಅಂತ 22ರ ಹುಡುಗ ಎಷ್ಟು ಯೋಚಿಸಿ ಚಟ್ನಿಪುಡಿ ಬಗ್ಗೆ ಬರೆದಿದ್ದನೋ. ಅದರೊಳಗೆ ನಾವು ಫಿರಂಗಿ ಹಾರಿಸುವುದು ಸರಿ ಕಾಣಲಿಲ್ಲ.

ಕೆಲವು ಪ್ರತಿ ಉಳಿದಿವೆ. ಬೇಕಾದವರು ಮನೆಗೇ ಬನ್ನಿ, ದೊಡ್ಡಪ್ಪನೇ ಕೊಡುತ್ತಾರೆ. ಸಂಜೆ ಐದರ ಮೇಲೆ ಬಂದರೆ ಕಾಫಿಯೂ ಉಂಟು. ಶಾಲು, ಹಾರ, ಪೇಟ ಮಾತ್ರ ತರಬೇಡಿ. ತಂದವರಿಗೆ ಪುಸ್ತಕ ಇಲ್ಲ ಅಂತ ಈಗಾಗಲೇ ಹೇಳಿಬಿಟ್ಟಿದ್ದಾರೆ.