ಸೀಟಿನ ಒಟಿಪಿಯೋ, ಸಾಲದ ಒಟಿಪಿಯೋ?

ಮಾನ್ಯ ಸಂಪಾದಕರೆ,

ಪಿಯು ಫಲಿತಾಂಶ ಬಂದರೆ ಸಾಕು, ಜಮಖಂಡಿ, ಮುಧೋಳ, ಇಂಡಿ, ಸಿಂದಗಿ ಕಡೆಯ ಮನೆಗಳಿಗೆ ಆನ್‌ಲೈನ್ ಬಿಬಿಎ, ಬಿಸಿಎ ಮಾರುವವರ ಫೋನು ಶುರುವಾಗುತ್ತವೆ. ‘ನಿಮ್ಮ ಮಗಳಿಗೆ ಸ್ಕಾಲರ್‌ಶಿಪ್ ಅಪ್ರೂವ್ ಆಗಿದೆ ಸರ್, ಇವತ್ತು ರಾತ್ರಿ ಹನ್ನೆರಡಕ್ಕೆ ಲಿಂಕ್ ಕ್ಲೋಸ್ ಆಗುತ್ತೆ’ ಎನ್ನುತ್ತಾರೆ. ‘ನಾಳೆ ವಿಚಾರ ಮಾಡಿ ಹೇಳ್ತೀವ್ರೀ’ ಎಂದರೆ ಫೋನು ‘ಸೀನಿಯರ್ ಮ್ಯಾನೇಜರ್’ ಕೈಗೆ ಹೋಗುತ್ತದೆ, ಅವರು ಇನ್ನೊಂದಿಷ್ಟು ಸಾವಿರ ಇಳಿಸುತ್ತಾರೆ. ಆನ್‌ಲೈನ್ ಪದವಿಗೆ ವರ್ಷಕ್ಕೆ ಜನವರಿ, ಜುಲೈ ಎಂದು 2 ಸೆಷನ್. ಪ್ರವೇಶದ ಕೊನೆಯ ದಿನ ಗೊತ್ತು ಮಾಡುವುದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ). ಅದನ್ನೂ ಎಷ್ಟೋ ಸಲ ಮುಂದೂಡುತ್ತದೆ. ರಾತ್ರಿ ಹನ್ನೆರಡರ ಗಡುವು ಫೋನ್ ಮಾಡಿದವರ ಟಾರ್ಗೆಟ್ಟಿನದು.

ಮಾನ್ಯತೆ ನೋಡಿಕೊಳ್ಳುವುದು ಕಷ್ಟವಲ್ಲ. ಯುಜಿಸಿಯ ದೂರ ಶಿಕ್ಷಣ ಬ್ಯೂರೋದ (ಡಿಇಬಿ) ಜಾಲತಾಣದಲ್ಲಿ ಯಾವ ವಿಶ್ವವಿದ್ಯಾಲಯಕ್ಕೆ, ಯಾವ ಕೋರ್ಸಿಗೆ, ಯಾವ ಸೆಷನ್ನಿಗೆ ಅನುಮತಿ ಇದೆ ಎಂಬ ಪಟ್ಟಿ ಇದೆ. ವಿಶ್ವವಿದ್ಯಾಲಯದ ಹೆಸರು ಸಿಕ್ಕಿತೆಂದು ಅಲ್ಲಿಗೇ ಬಿಡಬೇಡಿ, ಕೋರ್ಸಿನ ಹೆಸರೂ ಇರಬೇಕು. ನರ್ಸಿಂಗ್, ಫಾರ್ಮಸಿ, ಕಾನೂನು ಪದವಿ ಆನ್‌ಲೈನ್‌ನಲ್ಲಿ ಇಲ್ಲ. 2025ರ ಜುಲೈ ಸೆಷನ್‌ನಿಂದ ಸೈಕಾಲಜಿಯೂ ಇಲ್ಲ. 3 ವರ್ಷದ ಪದವಿಯನ್ನು ‘ಒನ್ ಸಿಟ್ಟಿಂಗ್’ನಲ್ಲಿ ಮುಗಿಸಿಕೊಡುತ್ತೇವೆ ಎಂದವರ ಫೋನು ಅಲ್ಲೇ ಇಟ್ಟುಬಿಡಿ. ಪ್ರವೇಶಕ್ಕೆ ಬೇಕಾದ ಡಿಇಬಿ ಐಡಿಯನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಬೇಕು, ಅದಕ್ಕೆ ಮೊದಲು ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ (ವಿದ್ಯಾರ್ಥಿಯ ಕ್ರೆಡಿಟ್ ಅಂಕಗಳ ಖಾತೆಯ ಸಂಖ್ಯೆ) ಬೇಕು. ‘ನಾವೇ ಮಾಡಿ ಕೊಡ್ತೀವಿ, ಒಟಿಪಿ ಹೇಳಿ’ ಎಂದರೆ ಒಪ್ಪಬಾರದು. ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಗೋಕಾಕದ ವಿಳಾಸವೊಂದು ವರ್ಷಗಟ್ಟಲೆ ಇತ್ತೆಂಬುದು ಬೆಳಗಾವಿ ಜಿಲ್ಲೆಯವರಿಗೆ ನೆನಪಿದ್ದರೆ ಒಳ್ಳೆಯದು.

ಪೂರ್ಣ ಮಾನ್ಯತೆ ಇರುವ ಕೋರ್ಸಿನಲ್ಲೂ ಪೆಟ್ಟು ಬೀಳುವುದು ಸಾಲದ ಕಡೆಯಿಂದ. ಮೊದಲು ‘ಸೀಟ್ ಬ್ಲಾಕ್’ ಎಂದು ಸಣ್ಣ ಮೊತ್ತ ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಪ್ಯಾನ್, ಆಧಾರ್, ಸೆಲ್ಫಿ, ಪಾಸ್‌ಬುಕ್ಕಿನ ಫೋಟೊ. ಕೊನೆಗೆ ‘ಅಡ್ಮಿಷನ್ ಕನ್ಫರ್ಮ್ ಮಾಡಲು’ ಒಂದರ ಹಿಂದೊಂದು ಒಟಿಪಿ: ಒಂದು ಗುರುತು ಖಚಿತಪಡಿಸುವ ಕೆವೈಸಿಗೆ, ಒಂದು ಸಾಲಪತ್ರದ ಇ-ಸಹಿಗೆ, ಇನ್ನೊಂದು ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಇ-ನ್ಯಾಚ್‌ಗೆ. ‘ನೋ ಕಾಸ್ಟ್ ಇಎಂಐ’ (ಬಡ್ಡಿಯಿಲ್ಲದ ಕಂತು) ಎಂದರೆ ಸಾಲ ಅಲ್ಲ ಎಂದೇ ಪಾಲಕರು ತಿಳಿಯುತ್ತಾರೆ. ಶುಲ್ಕ 1,20,000 ರೂಪಾಯಿ, ತಿಂಗಳಿಗೆ 5,000ದಂತೆ 24 ಕಂತು ಎಂದಿಟ್ಟುಕೊಳ್ಳಿ. ಫೈನಾನ್ಸ್ ಕಂಪನಿ ತನ್ನ ಬಡ್ಡಿ ಮುರಿದುಕೊಂಡು ಉಳಿದದ್ದನ್ನು ಸಂಸ್ಥೆಗೆ ಒಂದೇ ಗಂಟಿನಲ್ಲಿ ಕೊಟ್ಟಿರುತ್ತದೆ. ಹುಡುಗ 2 ಕಂತು ಕಟ್ಟಿ ಕ್ಲಾಸ್ ಬಿಟ್ಟರೂ 1,10,000 ರೂಪಾಯಿ ಸಾಲ ಹಾಗೇ ನಿಂತಿರುತ್ತದೆ. ಬ್ಯಾಂಕಿಗೆ ಹೋಗಿ ಇ-ನ್ಯಾಚ್ ನಿಲ್ಲಿಸಿದರೆ ಕಡಿತ ನಿಲ್ಲುತ್ತದೆ, ಸಾಲ ತೀರುವುದಿಲ್ಲ. ದಂಡ ಬೆಳೆಯುತ್ತದೆ, ಸಿಬಿಲ್ ಸ್ಕೋರ್ ಬೀಳುತ್ತದೆ. ಸಾಲ ಅಪ್ಪನ ಹೆಸರಿನಲ್ಲಿದ್ದರೆ ಮುಂದೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಬ್ಯಾಂಕಿನವರು ಇದನ್ನೇ ತೆಗೆದು ತೋರಿಸುತ್ತಾರೆ.

ಆದ್ದರಿಂದ ಒಟಿಪಿ ಸಂದೇಶ ಪೂರ್ತಿ ಓದಿ. ಅದರಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಅದು ಸಾಲದ್ದು. ಸಹಿಗೆ ಮೊದಲು ಸಾಲದ ಮುಖ್ಯ ವಿವರಗಳ ಪತ್ರ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೇಳಿ, ಕೊಡಲೇಬೇಕೆಂದು ಆರ್‌ಬಿಐ ನಿಯಮವಿದೆ. ವಾರ್ಷಿಕ ಬಡ್ಡಿ ದರ, ಸಾಲ ಕೊಡುವವರ ಹೆಸರು, ಮನಸ್ಸು ಬದಲಿಸಲು ಇರುವ ‘ಕೂಲಿಂಗ್ ಆಫ್’ ಅವಧಿ ಅದರಲ್ಲೇ ಇರುತ್ತವೆ. ಡಿಜಿಟಲ್ ಸಾಲಕ್ಕೆ ಈ ಅವಧಿ ಕನಿಷ್ಠ 1 ದಿನ. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿದರೆ ದಂಡವಿಲ್ಲದೆ ಹೊರಬರಬಹುದು. ಹಣ ಸಂಸ್ಥೆಯ ಕೈ ಸೇರಿರುವುದರಿಂದ ಶುಲ್ಕ ವಾಪಸಿಗೂ ಅದೇ ದಿನ ಇ-ಮೇಲ್ ಹಾಕಬೇಕು, ಸಂಸ್ಥೆಗೂ ಫೈನಾನ್ಸ್ ಕಂಪನಿಗೂ ಪ್ರತಿ ಹೋಗಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಫೈನಾನ್ಸ್ ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. ಸಂಸ್ಥೆಯ ಮೇಲಿನ ದೂರಿಗೆ ಗ್ರಾಹಕ ಸಹಾಯವಾಣಿ 1915, ಕಾಟದ ಕರೆಗಳಿಗೆ 1909.

ತಮ್ಮಲ್ಲೂ ಒಂದು ಕೋರಿಕೆ. ‘ಮನೆಯಲ್ಲೇ ಕುಳಿತು ಪದವಿ’ ಎಂಬ ಜಾಹೀರಾತುಗಳಲ್ಲಿ ಬಹಳಷ್ಟು ಸಲ ಮೊಬೈಲ್ ನಂಬರ್ ಮಾತ್ರ ಇರುತ್ತದೆ. ಪದವಿ ಕೊಡುವ ವಿಶ್ವವಿದ್ಯಾಲಯದ ಹೆಸರು ಮತ್ತು ಅನುಮತಿ ಸಿಕ್ಕ ಸೆಷನ್ ಇಲ್ಲದ ಜಾಹೀರಾತನ್ನು ಪತ್ರಿಕೆ ತೆಗೆದುಕೊಳ್ಳಬಾರದು.

– ವಾಣಿಜ್ಯ ಉಪನ್ಯಾಸಕರು, ಜಮಖಂಡಿ, ಬಾಗಲಕೋಟೆ ಜಿಲ್ಲೆ