ವಲಸಿಗರ ಮನೋಚಿಕಿತ್ಸೆ: ದುಭಾಷಿಯ ಖರ್ಚು ಯಾರದು?

ಮಾನ್ಯ ಸಂಪಾದಕರೇ,

ಜರ್ಮನಿಯಲ್ಲಿ ನೆಲೆಸಿರುವ ಟರ್ಕಿ ಮೂಲದವರಿಗೆ ಅವರ ಭಾಷೆ, ಸಂಸ್ಕೃತಿಗೆ ಹೊಂದುವಂತೆ ಒಳರೋಗಿ ಮನೋಚಿಕಿತ್ಸೆ ನೀಡುವುದರಿಂದ ಪ್ರತ್ಯೇಕತೆ ಬೆಳೆಯುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವಾಗಿ ಈ ಪತ್ರ. ಇಷ್ಟು ವರ್ಷ ಅಲ್ಲಿದ್ದೂ ಜರ್ಮನ್ ಕಲಿಯದಿದ್ದರೆ ತಪ್ಪು ಅವರದೇ ಅಲ್ಲವೇ ಎನ್ನುವವರು ಆ ವಲಸೆ ನಡೆದ ಬಗೆಯನ್ನು ಮರೆಯುತ್ತಾರೆ. 1961ರ ಅಕ್ಟೋಬರ್ 30ರ ಒಪ್ಪಂದದಂತೆ ಗಣಿಗಳಿಗೆ, ಕಾರ್ಖಾನೆಗಳಿಗೆ ಕರೆಸಿಕೊಂಡವರನ್ನು ‘ಅತಿಥಿ ಕಾರ್ಮಿಕರು’ ಎಂದೇ ಕರೆಯಲಾಯಿತು; ದುಡಿದು ಮರಳಬೇಕಾದವರಿಗೆ ಭಾಷೆ ಕಲಿಸುವ ಅಗತ್ಯ ಸರ್ಕಾರಕ್ಕೂ ಕಾಣಲಿಲ್ಲ, ಮಾಲೀಕರಿಗೂ ಕಾಣಲಿಲ್ಲ. 1973ರಲ್ಲಿ ನೇಮಕಾತಿ ನಿಂತಾಗ, ಹೋದರೆ ಮತ್ತೆ ಬರಲಾಗದೆಂಬ ಅಂಜಿಕೆಯಿಂದ ಅನೇಕರು ಅಲ್ಲೇ ಉಳಿದು ಕುಟುಂಬವನ್ನು ಕರೆಸಿಕೊಂಡರು.

ಇವರು ಮೈಕೈ ನೋವು, ಎದೆ ಬಿಗಿತವೆಂದು ಹೇಳಿಕೊಂಡರೆ, ಅದನ್ನು ಟರ್ಕಿಯ ಬಾಸ್ಫರಸ್ ಜಲಸಂಧಿಯ ಹೆಸರು ಹಚ್ಚಿ ‘ಬಾಸ್ಫರಸ್ ಕಾಯಿಲೆ’ ಎಂದು ಹಗುರವಾಗಿ ಆಡಿಕೊಂಡ ವೈದ್ಯರೂ ಅಲ್ಲಿದ್ದರು. ಸಂಕಟವನ್ನು ದೇಹದ ಮೂಲಕ ಹೇಳಿಕೊಳ್ಳುವುದು ನಟನೆಯೂ ಅಲ್ಲ, ಅಜ್ಞಾನವೂ ಅಲ್ಲ. ನೋವನ್ನು ನೋವೆಂದೇ ನಂಬಿ ಮಾತು ಆರಂಭಿಸುವ ಚಿಕಿತ್ಸಕರಿಗೆ ಮಾತ್ರ ಅದರ ಹಿಂದಿನ ಅಗಲಿಕೆ, ಅವಮಾನ, ಕೌಟುಂಬಿಕ ಜಗಳಗಳು ತಿಳಿದುಬರುತ್ತವೆ.

ಹೊರರೋಗಿಯಾದರೆ ಅರ್ಧ ಗಂಟೆಯ ಭೇಟಿಯನ್ನು ಹೇಗೋ ಸುಧಾರಿಸಬಹುದು. ವಾರಗಟ್ಟಲೆ ಆಸ್ಪತ್ರೆಯಲ್ಲೇ ಉಳಿದು, ಗುಂಪಿನಲ್ಲಿ ಕುಳಿತು ಮಾತಾಡುವುದೇ ಚಿಕಿತ್ಸೆಯ ಜೀವಾಳವಾದ ಕಡೆ ಜರ್ಮನ್ ಬಾರದವರಿಗೆ ಉಳಿಯುವುದು ಮಾತ್ರೆ ಮತ್ತು ವ್ಯಾಯಾಮವಷ್ಟೇ. ದುಭಾಷಿ ಇಲ್ಲವೆಂದು ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ‘ಸಾಯಬೇಕು ಅನ್ನಿಸುತ್ತದೆಯೇ, ಗಂಡ ಹೊಡೆಯುತ್ತಾನೆಯೇ, ಅಮ್ಮನನ್ನು ಕೇಳಿ ಹೇಳು’ ಎಂದರೆ ಏನು ಉತ್ತರ ಬಂದೀತು? ತಾಯಿ ಇಲ್ಲವೆನ್ನುತ್ತಾಳೆ, ಕಡತದಲ್ಲೂ ಇಲ್ಲವೆಂದೇ ದಾಖಲಾಗುತ್ತದೆ.

ಹಾಗೆಂದು ಸಂಸ್ಕೃತಿಯ ಹೆಸರಿನಲ್ಲಿ ಸಿದ್ಧಸೂತ್ರ ಹಿಡಿದು ಹೊರಡುವುದನ್ನೂ ನಾನು ಒಪ್ಪಲಾರೆ. ರಂಜಾನ್ ಉಪವಾಸಕ್ಕೆ ತಕ್ಕಂತೆ ಔಷಧದ ಹೊತ್ತನ್ನು ಬದಲಿಸುವುದು ಸರಿಯೇ, ಆದರೆ ಟರ್ಕಿಯಿಂದ ಬಂದವರೆಲ್ಲರೂ ಸುನ್ನಿಗಳಲ್ಲ. ಅವರಲ್ಲಿ ರಂಜಾನ್ ಉಪವಾಸವನ್ನು ಸಾಮಾನ್ಯವಾಗಿ ಹಿಡಿಯದ ಅಲೆವಿ ಪಂಥದವರಿದ್ದಾರೆ, ಟರ್ಕಿಷ್ ಬದಲು ಕುರ್ದಿಷ್ ಮನೆಮಾತಾಗಿರುವವರಿದ್ದಾರೆ. ಜರ್ಮನಿಯಲ್ಲೇ ಹುಟ್ಟಿದ ಮೊಮ್ಮಗನನ್ನು ಹೆಸರು ನೋಡಿ ಟರ್ಕಿಷ್ ವಿಭಾಗಕ್ಕೆ ಕಳಿಸಿದರೆ ಅವನು ಸಿಟ್ಟಾಗುವುದು ಸಹಜ. ಯಾವ ವಿಭಾಗ ಬೇಕೆಂಬ ಆಯ್ಕೆ ರೋಗಿಯದಾಗಿರಬೇಕು.

ಇಷ್ಟಕ್ಕೂ ನಿಜವಾದ ತೊಡಕಿರುವುದು ಹಣದ್ದು. ಶ್ರವಣದೋಷವುಳ್ಳವರಿಗೆ ಸಂಜ್ಞಾಭಾಷೆಯ ದುಭಾಷಿಯನ್ನು ಒದಗಿಸುವ ಹೊಣೆಯನ್ನು ಜರ್ಮನ್ ಕಾನೂನು ಒಪ್ಪಿಕೊಂಡಿದೆ. ಟರ್ಕಿಷ್‌ನಂತಹ ಮಾತಿನ ಭಾಷೆಯ ದುಭಾಷಿಗೆ ಮಾತ್ರ ಸಾರ್ವಜನಿಕ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. 2021ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಕೂಟವು ತನ್ನ ಒಪ್ಪಂದದಲ್ಲೇ ಈ ವೆಚ್ಚವನ್ನು ವಿಮೆಯ ವ್ಯಾಪ್ತಿಗೆ ತರುವುದಾಗಿ ಬರೆದುಕೊಟ್ಟಿತ್ತು. ಅದು ಕಾನೂನಾಗುವ ಮುನ್ನವೇ, 2024ರ ನವೆಂಬರ್‌ನಲ್ಲಿ, ಮೈತ್ರಿ ಮುರಿದುಬಿತ್ತು. ಪ್ರತ್ಯೇಕತೆಯ ಬಗ್ಗೆ ಆತಂಕಪಡುವವರು ಆ ಭರವಸೆ ಏನಾಯಿತೆಂದು ಮೊದಲು ಕೇಳಲಿ.

ಇತಿ,
ಓರ್ವ ಓದುಗ